ಯಶವಂತಪುರದಿಂದ ಯಲಹಂಕಕ್ಕೆ, ವಯಾ ಷಡ್ಡಕ

ನನ್ನ ಹೆಂಡತಿಯನ್ನು ವಾರಕ್ಕೆರಡು ಸಂಜೆ ಯಶವಂತಪುರದಿಂದ ಯಲಹಂಕಕ್ಕೆ ಕರೆದುಕೊಂಡು ಹೋಗುವ ಗಂಡಸೊಬ್ಬರಿದ್ದಾರೆ. ಕೈ ಹಿಡಿದುಕೊಂಡೇ ಕರೆದುಕೊಂಡು ಹೋಗುತ್ತಾರೆ. ತಲುಪಲು ಒಂದು ಹಾಡು ಮುಗಿಯುವಷ್ಟು ಹೊತ್ತು ಸಾಕು. ಈ ನಮ್ಮ ಬೆಂಗಳೂರಿನಲ್ಲಿ, ಸಂಜೆಯ ಟ್ರಾಫಿಕ್ಕಿನಲ್ಲಿ, ಒಂದು ಹಾಡು! ಅದೂ ನನ್ನ ಕಣ್ಣೆದುರಿಗೇ, ನಾನು ಆಕೆಯ ಹ್ಯಾಂಡ್‌ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುವಾಗಲೇ!

ಪೊಲೀಸರಿಗೆ ದೂರು ಕೊಡುವ ಹಾಗಿಲ್ಲ. ಆತ ನನ್ನ ಷಡ್ಡಕ. ನನ್ನ ಹೆಂಡತಿಯ ಅಕ್ಕನ ಗಂಡ. ಷಡ್ಡಕ ಎಂಬ ಶಬ್ದವನ್ನು ಒಮ್ಮೆ ಬಿಡಿಸಿ ನೋಡಿ, ಒಳಗೊಂದು ‘ಅಡ್ಡ’ ಕಾಣುತ್ತದೆ. ಆ ಶಬ್ದ ಮಾಡಿದವನೂ ಯಾವುದೋ ಮನೆಯ ಎರಡನೇ ಅಳಿಯನೇ ಇರಬೇಕು. ನಾನು ಮಾವನ ಮನೆಗೆ ಕಾಲಿಡುವ ಹೊತ್ತಿಗೆ ಇವರು ಆಗಲೇ ಅಲ್ಲಿ ಬೇರು ಬಿಟ್ಟಿದ್ದರು. ಹೋಳಿಗೆಯ ಮೇಲಿನ ತುಪ್ಪ ಮೊದಲು ಅವರಿಗೆ. ಫ್ಯಾನಿನ ಕೆಳಗಿನ ಕುರ್ಚಿ ಅವರಿಗೆ. ಅವರನ್ನು ‘ಅಣ್ಣ’ ಎನ್ನುವುದೋ ‘ಭಾವ’ ಎನ್ನುವುದೋ ಎಂಬುದು ನನ್ನ ಮದುವೆಯಾದಾಗಿನಿಂದ ತೀರ್ಮಾನವಾಗಿಲ್ಲ. ‘ರೀ’ ಎಂದೇ ಕಾಲ ಹಾಕಿದ್ದೇನೆ. ಅವರು ನನ್ನನ್ನು ‘ಸ್ವಾಮಿ’ ಎನ್ನುತ್ತಾರೆ.

ಜಾಲಹಳ್ಳಿಯ ಕಾರ್ಖಾನೆಯೊಂದರಿಂದ ನಿವೃತ್ತರಾದ ಮನುಷ್ಯ. ಕಾರ್ಖಾನೆ ಇವರನ್ನು ಬಿಟ್ಟರೂ ಇವರು ಕಾರ್ಖಾನೆಯನ್ನು ಬಿಟ್ಟಿಲ್ಲ. ಎಲ್ಲವೂ ಅಳತೆ, ಎಲ್ಲವೂ ಮುಂಜಾಗ್ರತೆ. ಯಾರದಾದರೂ ಮದುವೆಗೆ ಕರೆದರೆ, ಹಿಂದಿನ ದಿನವೇ ಹೋಗಿ ಛತ್ರ ಎಲ್ಲಿದೆ, ಕಾರು ಎಲ್ಲಿ ನಿಲ್ಲಿಸಬಹುದು, ಊಟದ ಹಾಲ್ ಮಹಡಿಯ ಮೇಲೋ ಕೆಳಗೋ ಎಂದು ನೋಡಿಕೊಂಡು ಬರುತ್ತಾರೆ. ಒಮ್ಮೆ ಹಾಗೆ ನೋಡಲು ಹೋದವರನ್ನು ಅಲ್ಲಿ ನಡೆಯುತ್ತಿದ್ದ ಬೇರೆ ಮದುವೆಯವರು ಕೈಹಿಡಿದು ಊಟಕ್ಕೆ ಕೂರಿಸಿ, ತಾಂಬೂಲ ಕೊಟ್ಟು ಕಳಿಸಿದ್ದರು. ಇನ್ನು ಕಾರಿನ ಪೆಟ್ರೋಲ್ ಮುಳ್ಳು ಅರ್ಧಕ್ಕಿಂತ ಕೆಳಗೆ ಇಳಿಯಿತೋ, ಅವರಿಗೆ ಅನ್ನ ಸೇರುವುದಿಲ್ಲ. ಇಂಥವರಿಗೆ ಡ್ಯಾನ್ಸಿನ ಗೀಳು ಹಿಡಿಯುತ್ತದೆಂದು ಯಾರು ತಾನೇ ಊಹಿಸಿಯಾರು?

ಆದದ್ದು ಹೀಗೆ. ಅವರ ಹೆಂಡತಿ, ಅಂದರೆ ನನ್ನ ಅತ್ತಿಗೆಯ ಮಂಡಿ ನೋವಿಗೆ ಡಾಕ್ಟರು ಸ್ವಲ್ಪ ಕೈಕಾಲು ಆಡಿಸಿ ಎಂದರು. ಯಲಹಂಕ ನ್ಯೂಟೌನಿನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ಸಾಲ್ಸಾ ಕ್ಲಾಸು ಇದೆ, ಜೋಡಿಯಾಗಿ ಕುಣಿಯುವುದನ್ನು ಕಲಿಸುತ್ತಾರೆ ಎಂದು ಇವರು ಎಲ್ಲಿಂದಲೋ ಪತ್ತೆ ಹಚ್ಚಿ, ಹಿಂದಿನ ದಿನ ಹೋಗಿ ನೋಡಿ, ಹೆಂಡತಿಯನ್ನು ಸೇರಿಸಿದರು. ಒಂದೇ ವಾರಕ್ಕೆ ಅತ್ತಿಗೆಯ ಮಂಡಿ ಇನ್ನಷ್ಟು ಊದಿತು. ಆಕೆ ಗೋಡೆಯ ಪಕ್ಕದ ಕುರ್ಚಿಗೆ ಬಡ್ತಿ ಪಡೆದು, ಅವರೆಕಾಯಿ ಬಿಡಿಸುತ್ತ ನೋಡಲು ಕೂತರು. ಷಡ್ಡಕರಿಗೆ ಜೋಡಿ ಇಲ್ಲವಾಯಿತು. ಆಗ ನನ್ನ ಹೆಂಡತಿ, ಹೇಗೂ ನಮ್ಮ ಆರ್.ಟಿ. ನಗರದ ಮನೆಯಲ್ಲಿ ಸಂಜೆ ಸುಮ್ಮನೆ ಕೂತಿರುತ್ತೇನಲ್ಲ, ನಾನು ಬರುತ್ತೇನೆ ಭಾವ ಎಂದುಬಿಟ್ಟಳು. ಸುಮ್ಮನೆ ಎಂದರೇನು? ನನ್ನ ಜೊತೆ ಕೂತಿರುತ್ತಾಳೆ!

ಬಿಟ್ಟು ಬರಲು ಹೋದವನು ಅಲ್ಲೇ ಕೂತೆ. ಕುಣಿಯಲಲ್ಲ, ಕಾವಲಿಗೆ.

ಮೊದಮೊದಲು ನನಗೆ ಪರಮಾನಂದ. ಷಡ್ಡಕರಿಗೆ ಒಂದು ಹೆಜ್ಜೆಯೂ ನೆನಪಿರುತ್ತಿರಲಿಲ್ಲ. ಕಲಿಸುವ ಹುಡುಗಿ ಹೇಳುವ ಇಂಗ್ಲಿಷ್ ಹೆಸರುಗಳು ಅವರ ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೊರಡುತ್ತಿದ್ದವು. ಒಂದು ದಿನ ಆಕೆ, “ಅಂಕಲ್, ಈಗ ಕ್ರಾಸ್ ಬಾಡಿ” ಎಂದಳು. ಷಡ್ಡಕರು ನಿಂತಲ್ಲೇ ನಿಂತು ಬಹಳ ವಿನಯದಿಂದ ಕೇಳಿದರು:

“ಎಷ್ಟನೇ ಕ್ರಾಸು, ಮಿಸ್?”

ಇಡೀ ಕ್ಲಾಸು ನಕ್ಕಿತು. ನಾನಂತೂ ಹ್ಯಾಂಡ್‌ಬ್ಯಾಗ್ ಕೆಳಗೆ ಬೀಳುವಷ್ಟು ನಕ್ಕೆ. ಅದೇ ನಾನು ನಕ್ಕ ಕೊನೆಯ ದಿನ. ಮುಂದಿನ ಕ್ಲಾಸಿಗೆ ಬಂದಾಗ ಷಡ್ಡಕರು ಬೇರೆ ಮನುಷ್ಯರಾಗಿದ್ದರು. ಅವರಿಗೂ ನನ್ನ ಹೆಂಡತಿಗೂ ನಡುವೆ ಏನೋ ಮಾತುಕತೆಯಾಗಿ, ಇಂಗ್ಲಿಷ್ ಹೆಸರುಗಳನ್ನೆಲ್ಲ ಕಿತ್ತುಹಾಕಿ, ಹೆಜ್ಜೆಗಳಿಗೆ ಊರಿನ ಹೆಸರಿಟ್ಟಿದ್ದರು.

ನಿಂತಲ್ಲೇ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಆಡುವುದು ಯಶವಂತಪುರ. ಅವಳ ಕೈಯನ್ನು ಎತ್ತಿ ಅವಳ ತಲೆಯ ಮೇಲಿಂದ ದಾಟಿಸಿ ಜಡೆಯ ಹಿಂದಕ್ಕೆ ತರುವುದು ಮತ್ತಿಕೆರೆ. ಒಂದು ಕಡೆಗೆ ಕಳಿಸಿ, ಅವಳು ಸುತ್ತಿಕೊಂಡು ಹೊರಟಲ್ಲಿಗೇ ವಾಪಸ್ಸು ಬಂದರೆ ಅದು ಹೆಬ್ಬಾಳ. ಇದ್ದಕ್ಕಿದ್ದಂತೆ ನಿಂತು, ಇಬ್ಬರೂ ಕೈ ಮೇಲೆತ್ತಿ ಸೂರು ನೋಡುವುದು ಜಕ್ಕೂರು. ಅಲ್ಲಿ ವಿಮಾನ ಹಾರಿಸಲು ಕಲಿಸುವ ಮೈದಾನವಿದೆಯಲ್ಲ, ಅದಕ್ಕಂತೆ. ಕೊನೆಯಲ್ಲಿ ಅವಳನ್ನು ತೋಳಿನ ಮೇಲೆ ಒಂದು ಪಕ್ಕಕ್ಕೆ ವಾಲಿಸಿ ಹಿಡಿಯುವುದು ‘ಪೆಟ್ರೋಲ್ ಖಾಲಿ’.

ಅಷ್ಟೇ ಬಂಡವಾಳ. ಆದರೆ ಅದನ್ನು ಅವರು ತಿರುಗಿಸಿದ್ದೇನು, ಮುರುಗಿಸಿದ್ದೇನು! ಒಂದು ಹಾಡಿನಲ್ಲಿ ಮತ್ತಿಕೆರೆಯ ಮೇಲೆ ಹೆಬ್ಬಾಳ. ಇನ್ನೊಂದರಲ್ಲಿ ಹೆಬ್ಬಾಳದಿಂದ ವಾಪಸ್ಸು ಮತ್ತಿಕೆರೆಗೆ ಬಂದು, ಅಲ್ಲಿಂದ ಸೀದಾ ಜಕ್ಕೂರು. ಹಾಡು ಬಿರುಸಾದರೆ ಜಕ್ಕೂರಿನಲ್ಲಿ ನಿಲ್ಲುವುದಿಲ್ಲ, ಎಕ್ಸ್‌ಪ್ರೆಸ್. ಪಕ್ಕದಲ್ಲಿ ಕುಣಿಯುವ ಆಫೀಸಿನ ಹುಡುಗ ಹುಡುಗಿಯರು ಹತ್ತಾರು ಹೆಜ್ಜೆ ಕಲಿತು ಹತ್ತನ್ನೂ ಮರೆತು ಬೆಪ್ಪಾಗಿ ನಿಂತಿರುವಾಗ, ಇವರು ಇದ್ದಷ್ಟನ್ನೇ ಹಿಂದೆ ಮುಂದೆ ಮಾಡಿ ಹಾಡಿಗೊಂದು ಹೊಸ ದಾರಿ ತೆಗೆಯುತ್ತಿದ್ದರು. ಕಲಿಸುವ ಹುಡುಗಿ ಎಲ್ಲರನ್ನೂ ನಿಲ್ಲಿಸಿ, ಅಂಕಲ್‌ನ ನೋಡಿ ಕಲೀರಿ ಎಂದಳು. ನನಗೆ ಹೊಟ್ಟೆಯೊಳಗೆ ಒಲೆ ಹತ್ತಿಕೊಂಡಿತು. ಇದನ್ನು ಬೇರೆ ಮಾತಿನಲ್ಲಿ ಹೇಳಿ ಮರ್ಯಾದೆ ಉಳಿಸಿಕೊಳ್ಳುವ ಆಸೆ ನನಗಿಲ್ಲ. ಹೊಟ್ಟೆಕಿಚ್ಚು, ಅಷ್ಟೇ.

ಗೀಳು ಕ್ಲಾಸಿನೊಳಗೇ ಉಳಿಯಲಿಲ್ಲ. ಹಾಲಿನ ಬೂತಿನ ಕ್ಯೂನಲ್ಲಿ ಷಡ್ಡಕರು ಯಶವಂತಪುರ ಆಡುತ್ತ ನಿಲ್ಲತೊಡಗಿದರು. ಅವರು ಹಿಂದೆ ಸರಿದಾಗಲೆಲ್ಲ ಹಿಂದಿನವರೂ ಸರಿಯಬೇಕು. ಬಾಗಲಗುಂಟೆಯಲ್ಲಿ ನೆಂಟರೊಬ್ಬರ ಗೃಹಪ್ರವೇಶ. ಪುರೋಹಿತರು ಅಕ್ಷತೆ ಕೊಡಲು ಕೈ ಚಾಚಿದರು. ಷಡ್ಡಕರ ಮನಸ್ಸು ಎಲ್ಲಿತ್ತೋ, ಆ ಕೈಯನ್ನು ಮೃದುವಾಗಿ ಹಿಡಿದು ಮೇಲೆತ್ತಿದರು. ಪುರೋಹಿತರು ಪಂಚೆ ಸಮೇತ ಒಂದು ಪೂರ್ತಿ ಸುತ್ತು ತಿರುಗಿ ಬಂದು ನಿಂತರು. ಎಲ್ಲರೂ ಉಸಿರು ಬಿಗಿಹಿಡಿದೆವು. ಪುರೋಹಿತರು ಒಂದು ಕ್ಷಣ ಯೋಚಿಸಿ, ಇದು ಆತ್ಮಪ್ರದಕ್ಷಿಣೆ, ಎಲ್ಲರೂ ಮಾಡಿ ಎಂದರು. ನಾವೆಲ್ಲ ನಿಂತಲ್ಲೇ ಸುತ್ತಿದೆವು. ಅಲ್ಲೂ ನಾನೇ ಎಡವಿದೆ.

ಮನೆಯಲ್ಲಿ ನನ್ನ ಗತಿ ಏನಾಯಿತೆಂದು ಕೇಳಿ. ಹೆಂಡತಿ ಚಪಾತಿ ಲಟ್ಟಿಸುತ್ತ ಮತ್ತಿಕೆರೆ, ಹೆಬ್ಬಾಳ, ಜಕ್ಕೂರು ಎಂದು ಗುನುಗುತ್ತಿದ್ದಳು. ನಮ್ಮ ಅಡುಗೆಮನೆಯಲ್ಲಿ ಅಷ್ಟು ಖುಷಿಯಾಗಿ ಅವಳು ಯಾವತ್ತು ಗುನುಗಿದ್ದಳು? ನಾನು ಮೊಬೈಲಿನಲ್ಲಿ ಗುಟ್ಟಾಗಿ ಪಾಠ ನೋಡಿ, ಒಂದು ಭಾನುವಾರ ಅವಳ ಕೈಹಿಡಿದು ಹೆಬ್ಬಾಳಕ್ಕೆ ಕಳಿಸಿದೆ. ಸೀದಾ ಹೋಗಿ ಫ್ರಿಜ್ಜಿಗೆ ಢೀ. ಮೇಲಿದ್ದ ಉಪ್ಪಿನಕಾಯಿ ಜಾಡಿ ಉಳಿದದ್ದು ಅವಳ ಪುಣ್ಯದಿಂದ.

“ಕೈಯಲ್ಲಿ ಮುಂಚೆನೇ ಹೇಳ್ಬೇಕು ರೀ,” ಎಂದಳು ಮೊಣಕೈ ಉಜ್ಜಿಕೊಳ್ಳುತ್ತ. “ನೀವು ಇಂಡಿಕೇಟರ್ ಹಾಕ್ದೇ ತಿರುಗಿಸ್ತೀರ. ಭಾವ ಹಾಗಲ್ಲ, ಎಲ್ಲಿಗೆ ಹೋಗ್ಬೇಕು ಅಂತ ಕೈಯಲ್ಲೇ ಗೊತ್ತಾಗುತ್ತೆ.”

ಭಾವ ಹಾಗಲ್ಲ! ಆ ಎರಡು ಮಾತನ್ನು ನಾನು ಮದುವೆಯಾದ ವರ್ಷದಿಂದ ಕೇಳುತ್ತಿದ್ದೇನೆ. ಆದರೆ ಆಗೆಲ್ಲ ಅದು ಕರೆಂಟು ಬಿಲ್ಲಿನ ಬಗ್ಗೆ, ನಲ್ಲಿ ರಿಪೇರಿಯ ಬಗ್ಗೆ ಇರುತ್ತಿತ್ತು. ಕೈಹಿಡಿಯುವುದರ ಬಗ್ಗೆ ಇರಲಿಲ್ಲ.

ಮುಂದಿನ ಕ್ಲಾಸಿನಲ್ಲಿ ತಡೆಯಲಾರದೆ ಷಡ್ಡಕರನ್ನು ಹಿಡಿದುಕೊಂಡೆ. ಮಿಕ್ಕಿದ್ದೆಲ್ಲ ಸರಿ, ಪೆಟ್ರೋಲ್ ಖಾಲಿ ಅನ್ನುವುದು ಯಾವ ಊರು, ಯಾವ ಸ್ಟಾಪು ಎಂದು ಕೇಳಿದೆ. ಅವರು ನನ್ನ ಹೆಂಡತಿಯ ಮುಖ ನೋಡಿದರು. ಅವಳು ಅವರ ಮುಖ ನೋಡಿದಳು. ಇಬ್ಬರೂ ನಕ್ಕರು. ಮತ್ತೆ ಯಶವಂತಪುರ ಆಡತೊಡಗಿದರು. ಇವಳ ಜೀವನದಲ್ಲಿ ಒಂದು ದಾರಿ ಇದೆ, ಅದರಲ್ಲಿ ನನಗೆ ಜಾಗವಿಲ್ಲ ಎಂದು ಮನಸ್ಸಿಗೆ ಬಂದುಬಿಟ್ಟಿತ್ತು. ಹೇಳಲು ನಾಚಿಕೆಯಾಗುವಷ್ಟು ನೋವಾಗಿತ್ತು.

ಅದಾದ ಮುಂದಿನ ಶನಿವಾರ. ಷಡ್ಡಕರು ಅತ್ತಿಗೆಯನ್ನು ಕ್ಲಾಸಿನ ಬಾಗಿಲಿಗೆ ಬಿಟ್ಟು, ಕಾರು ನಿಲ್ಲಿಸಿ ಬರುತ್ತೇನೆಂದು ಹೋದವರು ಬರಲೇ ಇಲ್ಲ. ಹಾಡು ಶುರುವಾಯಿತು. ಜೋಡಿಗಳು ನಿಂತವು. ನನ್ನ ಹೆಂಡತಿ ಒಬ್ಬಳೇ ನಡುವೆ. ಅಷ್ಟರಲ್ಲಿ ಅತ್ತಿಗೆಯ ಫೋನು ರಿಂಗಾಯಿತು. ಅವರೆಕಾಯಿಯ ಕೈ, ಸ್ಪೀಕರಿಗೆ ಹಾಕಿದರು.

“ಹೆಬ್ಬಾಳದಲ್ಲಿ ಜಾಮ್ ಕಣೇ. ಸಿಕ್ಕಾಕೊಂಡಿದೀನಿ. ಇವತ್ತೊಂದಿನ ನಮ್ಮ ಸ್ವಾಮಿಗೇ ರೂಟ್ ಓಡಿಸೋಕೆ ಹೇಳು.”

ಯಲಹಂಕದಲ್ಲಿ ಕಾರು ನಿಲ್ಲಿಸಲು ಹೋದವರು ಹೆಬ್ಬಾಳದ ಜಾಮಿನಲ್ಲಿ ಹೇಗೆ ಸಿಕ್ಕಿದರು ಎಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅತ್ತಿಗೆ ನನ್ನ ತೊಡೆಯ ಮೇಲಿನ ಹ್ಯಾಂಡ್‌ಬ್ಯಾಗ್ ಕಿತ್ತುಕೊಂಡರು. ನಾನು ಎದ್ದು ಹೋಗಿ ನಿಂತೆ. ಅವಳ ಕೈ ಹಿಡಿದೆ.

ಯಶವಂತಪುರ ಹೇಗೋ ಆಯಿತು. ಮುಂದೇನು ಎಂದು ಪಿಸುಗುಟ್ಟಿದೆ. “ಹೂವು ತಗೊಂಡ್ರಲ್ಲ,” ಎಂದಳು. ಯಾವ ಹೂವು? ಆದರೂ ಕೈ ಮೇಲೆದ್ದು ಅವಳ ಜಡೆಯ ಹಿಂದಕ್ಕೆ ಹೋಯಿತು. ಆಮೇಲೆ ಹೆಬ್ಬಾಳ. ಇಂಡಿಕೇಟರ್ ಮರೆತು ತಪ್ಪು ದಿಕ್ಕಿಗೆ ಕಳಿಸಿದೆ. ಅವಳು ಅತ್ತ ಹೋಗಿ, ಸುತ್ತಿಕೊಂಡು ವಾಪಸ್ಸು ಬಂದು, “ಹೂಂ, ಅವತ್ತೂ ಹಿಂಗೇ ತಪ್ಪಿಸಿದ್ರಿ,” ಎಂದಳು. ಜಕ್ಕೂರಿನಲ್ಲಿ ನಿಂತು ಕತ್ತೆತ್ತಿದಳು. ಮೇಲೆ ಟ್ಯೂಬ್‌ಲೈಟು ಬಿಟ್ಟರೆ ಏನೂ ಇರಲಿಲ್ಲ.

“ಹಳದೀದು,” ಎಂದಳು. “ಪುಟ್ಟ ವಿಮಾನ. ಒಂದಿನ ಇದ್ರಲ್ಲಿ ಕರ್ಕೊಂಡ್ ಹೋಗ್ತೀನಿ ಅಂದ್ರಿ. ಸ್ವಲ್ಪ ಮುಂದೆ ಬಂದ್ರೆ ಗಾಡೀನೇ ನಿಂತೋಯ್ತು.”

ಆಗ ನೆನಪಾಯಿತು. ಮದುವೆಯಾದ ವಾರ. ಯಶವಂತಪುರದ ಮಾವನ ಮನೆಯಿಂದ ಯಲಹಂಕದ ನೆಂಟರ ಮನೆಗೆ ಹೊಸ ಜೋಡಿಯ ಔತಣಕ್ಕೆ ಹೊರಟಿದ್ದೆವು, ನಮ್ಮಪ್ಪನ ಹಳೇ ಸ್ಕೂಟರಿನಲ್ಲಿ. ರಸ್ತೆ ತುಂಬ ಗಾಡಿ, ಯಶವಂತಪುರ ದಾಟುವುದೇ ಕಷ್ಟವಾಗಿತ್ತು. ಮತ್ತಿಕೆರೆಯಲ್ಲಿ ಮಲ್ಲಿಗೆ ಕೊಂಡು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ನಾನೇ ಮುಡಿಸಿದ್ದೆ. ಹೆಬ್ಬಾಳದ ಫ್ಲೈಓವರ್ ಆಗಿನ್ನೂ ಹೊಸದು. ತಿರುಗಬೇಕಾದಲ್ಲಿ ತಿರುಗದೆ ಮೇಲೆ ಹತ್ತಿ, ನಾಗವಾರದ ಕಡೆ ಹೋಗಿ, ಮತ್ತೆ ಅಲ್ಲಿಗೇ ಬಂದಿದ್ದೆವು. ಜಕ್ಕೂರು ದಾಟಿದ ಮೇಲೆ ಪೆಟ್ರೋಲ್ ಮುಗಿಯಿತು. ಸ್ಕೂಟರನ್ನು ಒಂದು ಪಕ್ಕಕ್ಕೆ ಪೂರ್ತಿ ವಾಲಿಸಿ ತಳದ ಹನಿಗಳನ್ನು ಇಳಿಸಿಕೊಂಡೆ. ಅವಳು ರಸ್ತೆ ಬದಿಯಲ್ಲಿ ರೇಷ್ಮೆ ಸೀರೆಯಲ್ಲಿ ನಿಂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಔತಣದ ಮನೆಯಲ್ಲಿ ಎಲೆ ಎತ್ತಿಯಾಗಿತ್ತು.

ಆ ಪ್ರಯಾಣ ನನಗೆ ಮರೆತೇಹೋಗಿತ್ತು. ಅವಳು ಒಂದು ತಿರುವನ್ನೂ ಬಿಟ್ಟಿರಲಿಲ್ಲ.

ಹಾಡು ಮುಗಿಯುತ್ತಿತ್ತು. ಅವಳನ್ನು ತೋಳಿನ ಮೇಲೆ ವಾಲಿಸಿದೆ, ನಿಧಾನವಾಗಿ, ಆವತ್ತು ಸ್ಕೂಟರನ್ನು ವಾಲಿಸಿದ ಹಾಗೆಯೇ. ಅದೇ ನಗು ನಕ್ಕಳು. ಅತ್ತಿಗೆ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡರು.

ನಾನು ಕೆಳಗಿಳಿದು ಹೋದೆ. ಷಡ್ಡಕರು ಹಾರ್ಡ್‌ವೇರ್ ಅಂಗಡಿಯೊಳಗೆ ಪೇಂಟ್ ಡಬ್ಬದ ಮೇಲೆ ಸೂರು ನೋಡುತ್ತ ಕೂತಿದ್ದರು. ಅವರ ಕಾಲು ಇನ್ನೂ ತಾಳ ಹಾಕುತ್ತಿತ್ತು.

“ಹೆಬ್ಬಾಳದಲ್ಲಿ ತಪ್ಪಿದ್ರಿ,” ಎಂದರು. “ಕಾಲ್ಸಪ್ಪಳದಲ್ಲೇ ಗೊತ್ತಾಯ್ತು.”

ನಾನು ಪಕ್ಕದ ಡಬ್ಬದ ಮೇಲೆ ಕೂತೆ.

“ಅದು ನಿಮ್ಮ ರೂಟು ಸ್ವಾಮಿ. ಎಷ್ಟನೇ ಕ್ರಾಸು ಅಂತ ನಾನು ಕೇಳಿದ್ನಲ್ಲ, ಅವತ್ತು ನಿಮ್ಮ ಹೆಂಡ್ತಿ ಹೇಳ್ಕೊಟ್ಟಿದ್ದು. ನಾನು ಬರೀ ಡ್ರೈವರ್,” ಎಂದರು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು: “ನಾನು ಯಾವತ್ತೂ ದಾರಿ ತಪ್ಪಿಲ್ಲ. ಪೆಟ್ರೋಲ್ ಖಾಲಿ ಮಾಡ್ಕೊಂಡಿಲ್ಲ. ಎಲ್ಲಾ ಕಡೆ ಟೈಮಿಗೆ ಕರ್ಕೊಂಡ್ ಹೋಗಿದೀನಿ ನನ್ನ ಹೆಂಡ್ತೀನ. ನೆನಪಿಟ್ಕೊಳ್ಳೋಕೆ ಒಂದು ತಿರುವೂ ಕೊಟ್ಟಿಲ್ಲ. ನಂಗೆ ನಿಮ್ಮನ್ನ ಕಂಡ್ರೆ ಹೊಟ್ಟೆಕಿಚ್ಚು ಕಣ್ರೀ.”

ಇಷ್ಟು ವರ್ಷ ನನ್ನ ಹೋಳಿಗೆಯ ತುಪ್ಪ ಕಸಿದುಕೊಂಡ ಮನುಷ್ಯ ಹೀಗೆ ಹೇಳಿದರೆ ಏನು ಮಾಡುವುದು? ಮೊದಲನೆಯ ಸಲ, ಯೋಚಿಸದೆಯೇ, ‘ಅಣ್ಣ’ ಎಂದೆ.

ಕ್ಲಾಸು ಮುಗಿಯಿತು. ಅವರು ಅತ್ತಿಗೆಯನ್ನು ನಿಧಾನವಾಗಿ ಮೆಟ್ಟಿಲು ಇಳಿಸಿ, ಕಾರಿನಲ್ಲಿ ಕೂರಿಸಿ, ಅವರೆಕಾಯಿಯ ಚೀಲವನ್ನು ಕಾಲ ಬಳಿ ಇಟ್ಟರು. ನಾವು ನಮ್ಮ ಗಾಡಿಯಲ್ಲಿ ಹಿಂದೆ ಹೊರಟೆವು. ಜಾಲಹಳ್ಳಿಯ ತಮ್ಮ ಮನೆಯ ಕಡೆ ತಿರುಗಬೇಕಾದಲ್ಲಿ ಅವರ ಕಾರು ತಿರುಗಲಿಲ್ಲ. ಇಂಡಿಕೇಟರ್ ಹಾಕಲಿಲ್ಲ. ನಮ್ಮ ಮುಂದೆಯೇ ಬಳ್ಳಾರಿ ರಸ್ತೆಗೆ ಇಳಿದು, ಹೆಬ್ಬಾಳದ ಕಡೆ ಹೊರಟಿತು.

“ಅಯ್ಯೋ, ಭಾವ ದಾರಿ ತಪ್ಪಿದ್ರು ರೀ,” ಎಂದಳು ನನ್ನ ಹೆಂಡತಿ. “ಹಾರ್ನ್ ಮಾಡಿ.”

“ಬೇಡ,” ಎಂದೆ. “ತಪ್ಪಲಿ ಬಿಡು.”