ಕಡಿತದ ರಿಜಿಸ್ಟರ್

ನನ್ನನ್ನು ಏನೋ ಕಡಿಯುತ್ತಿತ್ತು. ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತರೆ ಕುತ್ತಿಗೆಯ ಮೇಲೆ ನಾಲ್ಕು, ತೋಳಿನ ಮೇಲೆ ಆರು, ಬೆನ್ನಿನ ಮೇಲೆ ಎಷ್ಟೋ. (ಬೆನ್ನು ನೋಡಿ ಹೇಳುವುದಕ್ಕೆ ಮನೆಯಲ್ಲಿ ಇನ್ನೊಬ್ಬರು ಬೇಕು.)

ನೋವಿಗಿಂತ ಅವಮಾನ ದೊಡ್ಡದಾಗಿತ್ತು. ನಾನು ಬೀಜ ಪರೀಕ್ಷಾ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಮೂಟೆಯಿಂದ ತೆಗೆದ ಕಾಳನ್ನು ಬಿಳಿ ಹಾಳೆಯ ಮೇಲೆ ಹರಡಿ, ಮಸೂರ ಹಿಡಿದು, ಇದು ಬೀಜ, ಇದು ಕಳೆ, ಇದು ಹುಳು ಎಂದು ಬರೆದು ಸಹಿ ಹಾಕುವುದೇ ನನ್ನ ಕಸುಬು. ನಮ್ಮ ಮನೆತನದಲ್ಲಿ ಡಿಗ್ರಿಯ ಮುಖ ನೋಡಿದವನು ನಾನೇ ಮೊದಲು. ಊರಿಗೆ ಹೋದರೆ ಈಗಲೂ ಯಾರಾದರೂ ಬೆಂಕಿಪೊಟ್ಟಣದಲ್ಲಿ ಹುಳು ಹಾಕಿಕೊಂಡು ಬಂದು, ಇದೇನು ನೋಡಿ ಹೇಳಪ್ಪ ಎನ್ನುತ್ತಾರೆ. ಅಂಥವನ ಹಾಸಿಗೆಯಲ್ಲೇ ಅನಾಮಧೇಯ ಜೀವಿ!

ನನ್ನ ಹೆಂಡತಿ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಎಂಟು ತಿಂಗಳ ಹಿಂದೆ ಅವಳಿಗೆ ಬಡ್ತಿ ಬಂತು, ಬಡ್ತಿಯ ಬೆನ್ನಿಗೇ ವರ್ಗವೂ ಬಂತು. ಬಸ್ಸಿನಲ್ಲಿ ಒಂಬತ್ತು ಗಂಟೆಯ ದಾರಿ. ತಿಂಗಳಿಗೊಮ್ಮೆ ಬರುತ್ತಾಳೆ, ದಿನಾ ಸಂಜೆ ಏಳಕ್ಕೆ ಫೋನು ಮಾಡುತ್ತಾಳೆ. ಊಟಕ್ಕೆ ಏನು ಮಾಡಿಕೊಂಡಿರಿ, ಗ್ಯಾಸ್ ಆರಿಸಿದಿರಾ, ಬಾಗಿಲು ಹಾಕಿದಿರಾ. ಮೂರು ಪ್ರಶ್ನೆ, ಮೂರು ಉತ್ತರ, ಎರಡು ನಿಮಿಷ. ಆಮೇಲೆ ಫ್ರಿಜ್ಜು ಗುರುಗುಟ್ಟುವುದನ್ನು ಕೇಳುತ್ತಾ ನಾನು ಒಂದೇ ತಟ್ಟೆ, ಒಂದೇ ಲೋಟ ತೊಳೆದಿಡುತ್ತಿದ್ದೆ.

ಕಡಿತದ ಸುದ್ದಿ ಹೇಳಿದ ದಿನ ಮಾತು ಇಪ್ಪತ್ತು ನಿಮಿಷ ನಡೆಯಿತು. ತಿಗಣೆಯೋ ಚಿಗಟವೋ ಸೊಳ್ಳೆಯೋ, ಗಾತ್ರ ಎಷ್ಟು, ಸಾಲಾಗಿ ಇದೆಯೋ ಚದುರಿದೆಯೋ ಎಂದು ಇನ್‌ಸ್ಪೆಕ್ಷನ್ನಿಗೆ ಬಂದವಳಂತೆ ವಿಚಾರಿಸಿದಳು. ಕೊನೆಗೆ ತೀರ್ಪು ಕೊಟ್ಟಳು.

"ಅದೇನು ಅಂತ ಗೊತ್ತಾಗೋವರೆಗೂ ನಾನು ಬರಲ್ಲ ರೀ. ನಾನು ಇಲ್ಲಿ ಪ್ರಾರ್ಥನೆಗೆ ನಿಂತ್ಕೊಂಡು ಕೆರ್ಕೊಂಡ್ರೆ ಮುನ್ನೂರು ಮಕ್ಕಳೂ ಕೆರ್ಕೊಳ್ತಾರೆ."

ಆ ತಿಂಗಳು ಅವಳು ಬರಲಿಲ್ಲ. ಮುಂದಿನ ತಿಂಗಳೂ ಬರದಿದ್ದರೆ ಏನು ಗತಿ ಎಂದು ನಾನು ಟೊಂಕ ಕಟ್ಟಿ ಮಹಾಪರಿಶೋಧನೆಗೆ ಇಳಿದೆ. ಹೊಸ ರಿಜಿಸ್ಟರ್ ತಂದು ಗೆರೆ ಎಳೆದೆ: ತಾರೀಖು, ಕಡಿತದ ಸಂಖ್ಯೆ, ಜಾಗ, ಗಾತ್ರ (ಸಾಸಿವೆ, ಹೆಸರುಕಾಳು, ಕಡಲೆ, ನಮ್ಮ ಕಚೇರಿಯ ಅಳತೆಯಲ್ಲಿ), ಹವಾಮಾನ, ಕೈಗೊಂಡ ಕ್ರಮ. ದಿನಾ ಏಳಕ್ಕೆ ಫೋನಿನಲ್ಲಿ ವರದಿ ಓದುತ್ತಿದ್ದೆ. ಅವಳು ಹೂಂ, ಹೂಂ ಎನ್ನುತ್ತಿದ್ದಳು. ನಿಜ ಹೇಳಬೇಕೆಂದರೆ ನನ್ನ ದಿನದಲ್ಲಿ ಅದೇ ಸುಖದ ಹೊತ್ತು. ಕಡಿತ ಕಡಿಮೆಯಾದ ದಿನ ಮಾತೂ ಬೇಗ ಮುಗಿದುಹೋಗಿ ಸಪ್ಪಗಾಗುತ್ತಿತ್ತು.

ಮೊದಲ ಅನುಮಾನ ಕೆಳಮನೆಯ ನಿವೃತ್ತ ಡ್ರೈವರ್ ಅವರ ನಾಯಿಯ ಮೇಲೆ. ಬಾಚಣಿಗೆ ತೆಗೆದುಕೊಂಡು ಹೋಗಿ, ನಿಮ್ಮ ನಾಯಿಯನ್ನು ಪರೀಕ್ಷಿಸಬೇಕು ಎಂದೆ. ಹಿಡಿ ಕೂದಲು ಬಂತು, ಒಂದು ಉಣ್ಣೆಹುಳವೂ ಬರಲಿಲ್ಲ. ಅವರು, ನಿಮಗಿಂತ ಅದಕ್ಕೇ ಸ್ನಾನ ಜಾಸ್ತಿ ಸಾರ್ ಎಂದರು. ಮೆಟ್ಟಿಲ ಬಳಿ ನನ್ನನ್ನು ಮಾತಾಡಿಸುತ್ತಿದ್ದ ಏಕೈಕ ಮನುಷ್ಯ ಅಂದಿನಿಂದ ಮುಖ ತಿರುಗಿಸತೊಡಗಿದರು.

ಎರಡನೇ ಅನುಮಾನ ಹಾಸಿಗೆಯ ಮೇಲೆ. ಅದು ನನ್ನ ಅತ್ತೆ ಮುಂದೆ ನಿಂತು ಹೊಲಿಸಿಕೊಟ್ಟ ಹತ್ತಿ ಹಾಸಿಗೆ. ಅದರ ಮೇಲೆ ನನ್ನ ಹೆಂಡತಿಗೆ ಇರುವ ಮಮತೆಯಲ್ಲಿ ಕಾಲುಭಾಗ ನನ್ನ ಮೇಲಿದ್ದರೆ ಸಾಕಾಗಿತ್ತು. ಆದರೆ ಪರೀಕ್ಷಕನಿಗೆ ಮಮತೆ ಸಲ್ಲದು. ಮೂಟೆಗೆ ಚುಚ್ಚಿ ಕಾಳು ತೆಗೆಯುವ ಚೂಪು ಕೊಳವೆಯನ್ನು ಕಚೇರಿಯಿಂದ ತಂದೆ. ನಿಯಮದಂತೆ ಒಂಬತ್ತು ಕಡೆ ಚುಚ್ಚಿ, ಒಂಬತ್ತು ಚಿಟಿಕೆ ಹತ್ತಿ ತೆಗೆದು ಮಸೂರದಡಿ ನೋಡಿದೆ. ಹತ್ತಿ ಬಿಟ್ಟರೆ ಹತ್ತಿ. ಆಮೇಲೆ, ಚುಚ್ಚಿದ ಮೂಟೆಗೆ ಮಾಡುವಂತೆ, ಒಂದೊಂದು ತೂತಿನ ಮೇಲೂ 'ಮಾದರಿ ತೆಗೆಯಲಾಗಿದೆ' ಎಂಬ ಚೀಟಿ ಅಂಟಿಸಿ, ತಾರೀಖು ಬರೆದು ಸಹಿ ಮಾಡಿದೆ. (ಅಭ್ಯಾಸಬಲ.) ಹಾಸಿಗೆಯನ್ನು ಮಗುಚಿ ಹಾಸಿದೆ. ಆ ಸಂಜೆಯ ವರದಿಯಲ್ಲಿ ಈ ಅಂಶವನ್ನು ಓದಲಿಲ್ಲ.

ಇಷ್ಟರ ನಡುವೆ ಊರಿನ ಬುದ್ಧಿ ಬಿಟ್ಟಿರಲಿಲ್ಲ. ಹುಳಕ್ಕೆ ಬಿಸಿಲೇ ಮದ್ದು ಎಂದು ದಿನಾ ಬೆಳಿಗ್ಗೆ ದಿಂಬು, ಹೊದಿಕೆಗಳನ್ನು ಮಲಗುವ ಕೋಣೆಯ ಕಿಟಕಿಯ ಕಟ್ಟೆ ಮೇಲೆ ಒಣಹಾಕಿಯೇ ಕೆಲಸಕ್ಕೆ ಹೋಗುತ್ತಿದ್ದೆ. ಕಡಿತ ಹೆಚ್ಚಾದಂತೆ ಬಿಸಿಲನ್ನೂ ಹೆಚ್ಚಿಸಿದೆ. ಬಿಸಿಲು ಹೆಚ್ಚಿಸಿದಂತೆ ಕಡಿತವೂ ಹೆಚ್ಚಾಯಿತು.

ಕೊನೆಗೊಂದು ದಿನ ದಿಂಬಿನ ಸುತ್ತ ಅಂಟು ಪಟ್ಟಿ ಸುತ್ತಿಟ್ಟೆ. ಬೆಳಿಗ್ಗೆ ಅದರ ಮೇಲೆ ಮೆಣಸಿನ ಪುಡಿಯಂಥ ಚುಕ್ಕೆಗಳು. ಮಸೂರಕ್ಕೆ ಸರಿಯಾಗಿ ಕಾಣಲಿಲ್ಲ. ಬೀಜದ ಲಕೋಟೆಯಲ್ಲಿ ಹಾಕಿ, 'ಅಪರಿಚಿತ' ಎಂದು ಬರೆದು ನಮ್ಮ ಪ್ರಯೋಗಾಲಯದ ಹಿರಿಯ ಮೇಡಂ ಮುಂದಿಟ್ಟೆ. ಮೂವತ್ತು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟವರು. ಒಮ್ಮೆ ಬಗ್ಗಿ ನೋಡಿ, ರಿಜಿಸ್ಟರ್ ಕೊಡಿ ಎಂದರು. ಕೊಟ್ಟೆ. ಬೆರಳಿಟ್ಟು ಓದಿದರು.

"ಮೋಡ ಇದ್ದ ಆರು ದಿನವೂ ಒಂದೋ ಎರಡೋ. ಬಿಸಿಲಿದ್ದ ದಿನ ಹತ್ತು, ಹನ್ನೆರಡು. ಇದರಿಂದ ಏನು ತಿಳ್ಕೊಂಡ್ರಿ?"

"ಅದಕ್ಕೆ ಮೋಡ ಕಂಡ್ರೆ ಭಯ ಅಂತ ಮೇಡಂ."

ಅವರು ಕನ್ನಡಕ ತೆಗೆದು ನನ್ನನ್ನೇ ಮಾದರಿಯಂತೆ ನೋಡಿದರು. "ಮೋಡ ಇದ್ದಾಗ ನೀವು ದಿಂಬು ಒಣಹಾಕಲ್ಲಪ್ಪ. ಎಲ್ಲಿ ಒಣಹಾಕ್ತೀರಿ?"

"ಕಿಟಕಿ ಕಟ್ಟೆ ಮೇಲೆ."

"ಆ ಕಟ್ಟೆ ಮೇಲೆ ಇನ್ನೇನಿದೆ?"

ನಾನು ನೆಲ ನೋಡಿದೆ. ಆ ಕಟ್ಟೆಯ ಮೇಲೆ ಒಂದು ಪಾರಿವಾಳದ ಗೂಡಿತ್ತು.

ಕಳೆದ ಸಲ ಬಂದಾಗಲೇ ಹೆಂಡತಿ ಹೇಳಿದ್ದಳು, ಮರಿ ಹಾರಿದ ದಿನವೇ ಆ ಕಸ ತೆಗೆದುಬಿಡಿ ಎಂದು. ಮರಿ ಹಾರಿದವು. ತೆಗೆದೆ ಎಂದು ಫೋನಿನಲ್ಲಿ ಹೇಳಿದೆ. ತೆಗೆದಿರಲಿಲ್ಲ.

"ಇದು ಹಕ್ಕಿ ಗೂಡಿನ ನುಸಿ. ಹಕ್ಕಿ ಇರೋವರೆಗೂ ನಿಮ್ಮ ತಂಟೆಗೆ ಬರಲ್ಲ," ಎಂದರು ಮೇಡಂ. "ಹಕ್ಕಿ ಹೋಯ್ತು, ಗೂಡಲ್ಲಿ ಇವು ಉಳ್ಕೊಂಡ್ವು. ಮನುಷ್ಯರು ಇವಕ್ಕೆ ಹಿಡಿಸಲ್ಲ. ಬೇರೆ ಯಾರೂ ಇಲ್ವಲ್ಲ, ಅದಕ್ಕೆ ನಿಮ್ಮನ್ನ ಕಡೀತಿವೆ. ಪಾಪ, ನೀವು ದಿನಾ ದಿಂಬು ಕಳಿಸಿ ಕರ್ಕೊಂಡ್ ಬಂದಿದ್ದೀರಿ."

ಬೇರೆ ಯಾರೂ ಇಲ್ಲದ ಆ ಜೀವಿಗಳ ಮೇಲೆ ನನಗೆ ಕೋಪ ಬರಲೇ ಇಲ್ಲ.

ಆ ಸಂಜೆ ಮೂಗಿಗೆ ಬಟ್ಟೆ ಕಟ್ಟಿ ಗೂಡನ್ನು ಚೀಲಕ್ಕೆ ತುಂಬಿ ಬಿಸಾಡಿದೆ. ಕಟ್ಟೆಯನ್ನು ಮೂರು ಸಲ ಸಾಬೂನು ನೀರಲ್ಲಿ ಉಜ್ಜಿದೆ, ದಿಂಬು ಹೊದಿಕೆಗಳನ್ನು ಕುದಿಸಿದೆ. ಏಳಕ್ಕೆ ಫೋನು ಬಂತು. ವರದಿ ಒಪ್ಪಿಸಿದೆ.

"ತೆಗೆದೆ ಅಂದಿದ್ರಿ."

"ಅಂದಿದ್ದೆ."

"ಮತ್ತೆ?"

"ಸಂಜೆ ಹೊತ್ತು ಪಾರಿವಾಳ ಗುಟುರು ಹಾಕ್ತಿದ್ವು. ಬೀಗ ತೆಗೆದು ಒಳಗೆ ಬಂದ್ರೆ ಮನೇಲಿ ಯಾರೋ ಇದ್ದಾರೆ ಅನ್ನಿಸ್ತಿತ್ತು. ಇನ್ನೊಂದು ಸಲ ಬರ್ತವೇನೋ ಅಂತ ಬಿಟ್ಟೆ."

ಬಯ್ಯುತ್ತಾಳೆ ಎಂದು ಕಾದೆ. ಮೂಗು ಒರೆಸಿಕೊಂಡ ಸದ್ದಾಯಿತು. ಶನಿವಾರ ಬರುತ್ತೇನೆ ಎಂದಳು.

ಬಂದಳು. ಮನೆಗೆ ಬೆಳಕು ಬಂದಂತಾಯಿತು. ಕಟ್ಟೆಯ ಮೇಲೆ ಬೆರಳಾಡಿಸಿ ನೋಡಿ ತಲೆದೂಗಿದಳು. ನನ್ನ ಬೆನ್ನು ನೋಡಿ ಎಣಿಸಿ ಹೇಳಿದಳು (ಹದಿಮೂರು, ಎಲ್ಲ ಹಳೆಯವು). ಎರಡು ತಟ್ಟೆ ತೊಳೆದಿಟ್ಟೆ. ಭಾನುವಾರ ಬೆಳಿಗ್ಗೆ ಅವಳಿಗೆ ಹುಕಿ ಬಂತು: ಎಲ್ಲಾ ಬಿಸಿಲಿಗೆ ಹಾಕಿದ್ರಿ, ಅಮ್ಮನ ಹಾಸಿಗೆ ಹಾಕಿದ್ರಾ? ನಾನು ಬಚ್ಚಲಿನಿಂದ ಓಡಿ ಬರುವಷ್ಟರಲ್ಲಿ ಹಾಸಿಗೆಯನ್ನು ಮಗುಚಿ ಹಾಕಿಯಾಗಿತ್ತು. ಒಂಬತ್ತು ಚೀಟಿಗಳು. ಮೇಡಂಗಿಂತ ನಿಧಾನವಾಗಿ, ಒಂದೊಂದನ್ನೂ ಓದಿದಳು. ಕ್ರಮಸಂಖ್ಯೆ, ತಾರೀಖು, ನನ್ನ ಸಹಿ. ನಿರಾಕರಿಸಲು ನಾನು ಏನನ್ನೂ ಉಳಿಸಿರಲಿಲ್ಲ.

ಅವಳು ನನ್ನ ಎಡತೋಳು ಹಿಡಿದು, ಉಗುರು ಕೂಡುವ ಹಾಗೆ ಚಿವುಟಿದಳು. ಆಮೇಲೆ ಕೆಂಪು ಶಾಯಿಯ ಪೆನ್ನು ತೆಗೆದು ರಿಜಿಸ್ಟರಿನಲ್ಲಿ ತಾನೇ ಬರೆದಳು: ಸಂಖ್ಯೆ, ಒಂದು. ಜಾಗ, ಎಡತೋಳು. ಗಾತ್ರ, ಕಡಲೆ. ಷರಾ, ಕಾರಣ ಪತ್ತೆಯಾಗಿದೆ.

ಸಂಜೆಯ ಬಸ್ಸಿಗೆ ಹೋದಳು. ಸೋಮವಾರ ಗುರುತು ಕೆಂಪಗಿತ್ತು, ಮಂಗಳವಾರ ಹೆಸರುಕಾಳಿನಷ್ಟಾಯಿತು, ಬುಧವಾರ ಕನ್ನಡಿಯ ಮುಂದೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಏಳಕ್ಕೆ ಫೋನು ಬಂತು. ಊಟ, ಗ್ಯಾಸು, ಬಾಗಿಲು. ಮೂರೂ ಮುಗಿದವು. ಅವಳು ಇನ್ನೂ ಫೋನು ಇಟ್ಟಿರಲಿಲ್ಲ.

"ಆ ಗುರುತು ಹೇಗಿದೆ ರೀ?"

ನಾನು ಖಾಲಿ ತೋಳನ್ನು ಒಮ್ಮೆ ನೋಡಿಕೊಂಡು, ಕುರ್ಚಿ ಎಳೆದು ಕೂತು, ರಿಜಿಸ್ಟರ್ ತೆರೆದೆ.

"ಇನ್ನೂ ಇದೆ ಕಣೇ," ಎಂದೆ. "ಕಡಲೆ ಗಾತ್ರ."