ಮೆಂತ್ಯದ ಡಬ್ಬಿ

ಮಾರ್ಚ್ ಹನ್ನೊಂದು. ಕೊಟ್ಟೂರಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಬಿಸಿಲು ಚುರುಕಾಗಿತ್ತು, ಗಾಳಿ ಇರಲಿಲ್ಲ. ನಾನು ಕಾಲೇಜಿನ ಲೈಬ್ರರಿಯವನು. ಪುಸ್ತಕ ಜೋಡಿಸುವವನಿಗೆ ಏನು ಬೇಕಾದರೂ ಜೋಡಿಸಲು ಬರುತ್ತದೆ ಎಂಬ ನಂಬಿಕೆ ನಮ್ಮ ಓಣಿಯಲ್ಲಿದೆ. ಹಿಂದೊಮ್ಮೆ ಮದುವೆಯ ಫೋಟೊಗಳು ಬಂದಿದ್ದವು, ಇನ್ನೊಮ್ಮೆ ಔಷಧದ ಚೀಟಿಗಳ ಗಂಟು. ಈ ಸಲ ಬಂದದ್ದು ಟ್ಯಾಬ್.

೧. ಮುಚ್ಚಳ

ತಂದವರು ನಾನು ಮಧ್ಯಾಹ್ನ ಉಣ್ಣುವ ಖಾನಾವಳಿಯ ಅಕ್ಕ. ಆರು ಪುಟದ ತುಂಬ ಆ್ಯಪ್‌ಗಳು, ಸಂತೆಯಲ್ಲಿ ಚೀಲ ಹರಿದು ಚೆಲ್ಲಿದಂತೆ. ಒಂದನ್ನು ಎಳೆದು ಇನ್ನೊಂದರ ಮೇಲೆ ಬಿಟ್ಟೆ. ಎರಡೂ ಒಂದೇ ಚೌಕದೊಳಗೆ ಕುಳಿತವು.

"ಇದಕ್ಕ ಫೋಲ್ಡರ್ ಅಂತಾರ."

"ಡಬ್ಬಿ ಅನ್ರಿ ಸರ, ತಿಳೀತು" ಎಂದವರೇ ಟ್ಯಾಬ್ ಕಿತ್ತುಕೊಂಡರು. ಕಣ್ಣು ಹೊಳೆಯುತ್ತಿದ್ದವು. ಮಧ್ಯಾಹ್ನ ಊಟಕ್ಕೆ ಹೋದಾಗಲೂ ಎಳೆಯುತ್ತಲೇ ಇದ್ದರು. ಯಾರೋ ಸಾರು ಕೇಳಿದರು.

"ತಡೀರಿ, ಇದೊಂದು ಡಬ್ಬಿ ಮುಚ್ಚಿ ಬರ್ತೀನಿ."

೨. ಚೀಟಿ

ಡಬ್ಬಿಗಳಿಗೆ ಹೆಸರು ಬೇಕಲ್ಲ. ಬ್ಯಾಂಕ್, ಆರ್ಡರ್, ಆಟ ಎಂದು ಬರೆಯಲು ಹೇಳಿದೆ. ಅಕ್ಕ ನನ್ನನ್ನು ಕನಿಕರದಿಂದ ನೋಡಿದರು.

"ಹಂಗ ಬರದ್ರ ಎಲ್ಲಾರಿಗೂ ಗೊತ್ತಾಗ್ತತಿ."

ಅವರ ಅಡುಗೆಮನೆಯಲ್ಲಿ ಸಕ್ಕರೆ ಇರುವುದು ಮೆಂತ್ಯದ ಡಬ್ಬಿಯಲ್ಲಿ, ಗೋಡಂಬಿ ಸೋಡಾದ ಡಬ್ಬಿಯಲ್ಲಿ. ಅಕ್ಕನ ಯಜಮಾನರಿಗೆ ಸಕ್ಕರೆ ಕಾಯಿಲೆ. ಮೂವತ್ತು ವರ್ಷದಿಂದ ಇದೇ ವ್ಯವಸ್ಥೆ. ಹಾಗಾಗಿ ಬ್ಯಾಂಕು ಸಾಸಿವೆಗೆ ಹೋಯಿತು, ಆರ್ಡರ್ ಮೆಂತ್ಯಕ್ಕೆ, ಆಟಗಳು ಬೇವಿನ ಹಿಂಡಿಗೆ. ವರ್ಗೀಕರಣದ ಬಗ್ಗೆ ದಪ್ಪ ಪುಸ್ತಕಗಳನ್ನು ಓದಿದ ನಾನು ಮನಸ್ಸಿಲ್ಲದೆ ಆ ಹೆಸರುಗಳನ್ನು ಟೈಪ್ ಮಾಡಿಕೊಟ್ಟೆ. ಅದು ಅವರಿಗೆ ತಿಳಿಯಿತು.

"ನಿಮ್ಮ ಲೈಬ್ರರಿಯಾಗ ಇದ್ದದ್ದು ಇದ್ದಂಗ ಬರದೀರಿ ಸರ. ಅದಕ್ಕ ಯಾರೂ ಒಳಗ ಬರವಲ್ರು."

೩. ಸಾವಿರ ರೊಟ್ಟಿ

ಎರಡು ವಾರದ ಮೇಲೆ ಹರಪನಹಳ್ಳಿಯಿಂದ ಫೋನು. ಗೃಹಪ್ರವೇಶಕ್ಕೆ ಸಾವಿರ ರೊಟ್ಟಿ. ಆರ್ಡರ್ ಆ್ಯಪ್‌ನಲ್ಲಿ ಹಾಕಿದ್ದೇವೆ, ಹನ್ನೊಂದು ಗಂಟೆಯೊಳಗೆ ಒಪ್ಪಿಗೆ ಒತ್ತದಿದ್ದರೆ ಹಡಗಲಿಯವರಿಗೆ ಕೊಡುತ್ತೇವೆ ಎಂದರು. ಕಾಲೇಜಿಗೆ ರಜೆ ಬರುವ ಹೊತ್ತು, ಖಾನಾವಳಿ ಖಾಲಿಯಾಗುವ ಕಾಲ. ಅಕ್ಕನ ಜೊತೆ ರೊಟ್ಟಿ ಬಡಿಯುವ ನಾಲ್ವರು ಹೆಂಗಸರಿಗೆ ಆ ತಿಂಗಳ ಕೆಲಸ ಈ ಆರ್ಡರಿನ ಮೇಲೆಯೇ ನಿಂತಿತ್ತು.

ನನಗೆ ಕರೆ ಬಂದಾಗ ಹತ್ತೂ ನಲವತ್ತು. ಓಡಿದೆ. ಮೆಂತ್ಯ ತೆರೆದರೆ ಬರೀ ಭಜನೆಯ ಹಾಡುಗಳು.

"ನಮ್ಮನಿಯವ್ರು ಮೆಂತ್ಯದ ಕಡಿ ಭಾಳ ನೋಡಾಕತ್ತಿದ್ರು ಸರ. ಎಲ್ಲಾ ಬದಲಿ ಮಾಡಿದ್ನಿ. ಎಲ್ಲಿಟ್ಟೆ ಅನ್ನೋದು ನೆನಪಾಗವಲ್ದು."

ಆ್ಯಪಿನ ಹೆಸರು ಹಾಕಿ ಹುಡುಕೋಣವೆಂದರೆ ಅಕ್ಕನಿಗೆ ಅದು ಗೊತ್ತಿರುವುದು 'ಹಸಿರಂದು' ಎಂದಷ್ಟೇ. ಇಪ್ಪತ್ತೆರಡು ಡಬ್ಬಿಗಳು. ಜೀರಿಗೆಯಲ್ಲಿ ಪಂಚಾಂಗ, ಲವಂಗದಲ್ಲಿ ಬಸ್ಸಿನ ವೇಳೆ, ಅರಿಶಿನದಲ್ಲಿ ಎರಡು ಗಡಿಯಾರ. ರೊಟ್ಟಿಯ ಹೆಂಗಸರು ಹಿಟ್ಟಿನ ಕೈಯಲ್ಲೇ ಬಂದು ನಿಂತರು. ಹತ್ತೂ ಐವತ್ತಾರು.

ಮೂಲೆಯಲ್ಲಿ ಮಂಡಕ್ಕಿ ತಿನ್ನುತ್ತಿದ್ದ ಯಜಮಾನರು ತಲೆ ಎತ್ತದೆ ಹೇಳಿದರು: "ಇಂಗಿನ ಡಬ್ಬಿ ನೋಡು."

ಅಲ್ಲಿತ್ತು. ಅಕ್ಕ ಒತ್ತಿದರು, ಹೆಂಗಸರು ಉಸಿರು ಬಿಟ್ಟರು. ಆಮೇಲೆ ಅಕ್ಕ ಗಂಡನ ಕಡೆ ತಿರುಗಿದರು.

"ನಿಮಗೆಂಗ ಗೊತ್ತು?"

"ಮೂವತ್ತು ವರ್ಷ ಸಕ್ರಿ ಹುಡಿಕ್ಯಾಡಿ ತಿಂದೀನಿ. ನೀ ಬಚ್ಚಿಡೋದು ನನಗ ಹೊಸದೇನು?"

೪. ನನ್ನ ಕೂಲಿ

ಸಾವಿರ ರೊಟ್ಟಿ ಬಸ್ಸೇರಿದ ಸಂಜೆ ಅಕ್ಕ ಮನೆಗೆ ಬಂದರು. "ಬ್ಯಾಡ ಅನಬ್ಯಾಡ್ರಿ" ಎಂದು ಒಂದು ಸ್ಟೀಲ್ ಡಬ್ಬಿ ಕೈಗಿಟ್ಟು ಹೋದರು. ಮೇಲೆ ಚೀಟಿ: ಮೆಂತ್ಯ. ನಾನು ಮಾತು ಕಡಿಮೆಯವನು. ಒಳಗೆ ನಗುತ್ತಲೇ ಡಬ್ಬಿಯನ್ನು ಹೆಂಡತಿಯ ಕೈಗೆ ಕೊಟ್ಟೆ, ಏನೂ ಹೇಳಲಿಲ್ಲ.

ನಾಲ್ಕು ದಿನ ಕಾದೆ. ತಟ್ಟೆಗೆ ಏನೂ ಬರಲಿಲ್ಲ. ಐದನೆಯ ದಿನ ಹೆಂಡತಿಯನ್ನು ಕೇಳಿದೆ.

"ಮೆಂತ್ಯ ಮನಿಯಾಗ ಅರ್ಧ ಕೆಜಿ ಐತಿ. ಪಕ್ಕದ ಮನಿ ಅಣ್ಣಾರಿಗೆ ಸಕ್ರಿ ಕಾಯಿಲೆ ಅಲ್ಲೇನ್ರಿ, ಮುಚ್ಚಳ ಸೈತ ತೆಗೀದ ಕೊಟ್ಟುಬಿಟ್ಟೆ."

ಅಷ್ಟರಲ್ಲಿ ಆ ಅಣ್ಣನೇ ಕಾಂಪೌಂಡಿನಾಚೆಯಿಂದ ಖಾಲಿ ಡಬ್ಬಿ ಚಾಚಿದರು.

"ತಂಗೀ, ಡಾಕ್ಟ್ರು ಹೇಳಿದಂಗ ದಿನಾ ಮುಂಜಾನಿ ಖಾಲಿ ಹೊಟ್ಟಿಲೆ ನಾಕು ನಾಕು ತಗೊಂಡ್ನಿ. ಇವತ್ತಿಗೆ ಶೇಂಗಾ ಉಂಡಿ ಮುಗದ್ವು. ಇನ್ನೊಂದು ಡಬ್ಬಿ ಮೆಂತ್ಯ ಐತೇನು?"