ಏರಿಯ ಬುಡದ ಒದ್ದೆ

ಏರಿಯ ಬುಡದಲ್ಲಿ ಒಂದು ಚಾಪೆಯಷ್ಟು ಜಾಗ ಒದ್ದೆಯಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಚಪ್ಪಲಿ ಕೆಸರಾಗದಂತೆ ಬಳಸಿಕೊಂಡು ಹೋಗುತ್ತಿದ್ದರು. ಆದರೆ ಅದನ್ನು ಕಂಡವನು ಉದ್ಯಾನದ ಮೇಲ್ವಿಚಾರಕ. ಆ ಪುಟ್ಟ ಅಣೆಕಟ್ಟು, ಅದರ ಹಿಂದಿನ ದೋಣಿವಿಹಾರದ ಕೊಳ, ನೀರು ಹೊರಬಿಡುವ ತೂಬು, ಕೋಡಿ ಎಲ್ಲವೂ ಅವನ ಸುಪರ್ದಿನಲ್ಲಿದ್ದವು. ಸಾಲದ್ದಕ್ಕೆ, ಅಣೆಕಟ್ಟಿನ ಭದ್ರತೆ ನೋಡಲು ದೊಡ್ಡ ಕಚೇರಿಯ ಅಧಿಕಾರಿ ಬರಲಿದ್ದದ್ದೂ ಅಂದೇ.

ಕಟ್ಟೆ ಒಡೆದೀತೆಂಬ ಭಯ ಅವನಿಗೆ ಇತ್ತು, ಸುಳ್ಳೇಕೆ. ಆದರೆ ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಕೊಳದಲ್ಲಿ ದೋಣಿ ನಡೆಸುತ್ತಿದ್ದವರು ಅವನ ಮಾವ. ಮಗಳ ಮನೆಯಲ್ಲೇ ಬೀಡುಬಿಟ್ಟಿದ್ದ ಅವರು ಅಳಿಯ ಹಲ್ಲುಜ್ಜುವುದರಿಂದ ಹಿಡಿದು ಬಾಗಿಲಿಗೆ ಚಿಲಕ ಹಾಕುವವರೆಗೆ ಪ್ರತಿಯೊಂದನ್ನೂ ತಿದ್ದುತ್ತಿದ್ದರು. ಪುಣ್ಯಕ್ಕೆ ಬೆಳಿಗ್ಗೆ ಹುಟ್ಟು ಹೆಗಲಿಗೇರಿಸಿ ಹೊರಟರೆ ಕತ್ತಲಾಗುವವರೆಗೂ ನೀರಿನ ಮೇಲೆ. ಮಧ್ಯಾಹ್ನ ಮನೆಗೆ ಹೋಗಿ ನೆಮ್ಮದಿಯಾಗಿ ಉಂಡು ಅರೆಗಳಿಗೆ ಕಾಲು ಚಾಚುವುದೇ ಮೇಲ್ವಿಚಾರಕನ ಪಾಲಿನ ಸ್ವರ್ಗ. ಏರಿ ಸೋರುತ್ತದೆಂದು ಅಧಿಕಾರಿ ಕೊಳ ಖಾಲಿ ಮಾಡಿಸಿದರೆ ಮಾವ ಹಗಲೂ ಮನೆಯಲ್ಲೇ. ಸ್ವರ್ಗಕ್ಕೆ ಬೀಗ.

ಅವನದು ಒಂದು ದೌರ್ಬಲ್ಯ. ಯಾರು ಕೊನೆಗೆ ಮಾತಾಡುತ್ತಾರೋ ಅವರದೇ ವೇದವಾಕ್ಯ. ವಾಯುವಿಹಾರಕ್ಕೆ ಬಂದ ನಿವೃತ್ತ ಮೇಷ್ಟ್ರು ಒದ್ದೆಯನ್ನು ನೋಡಿ, ಅಣೆಕಟ್ಟು ಅಂದಮೇಲೆ ಒಂದಿಷ್ಟು ಬೆವರುತ್ತೆ, ತಲೆ ಕೆಡಿಸಿಕೊಳ್ಳಬೇಡಿ ಎಂದರು. ಅವನಿಗೆ ಹೋದ ಜೀವ ಬಂದಂತಾಯಿತು. ಮರುಗಳಿಗೆಗೆ ಚಹಾ ಅಂಗಡಿಯಾಕೆ ಬಂದು, ತನ್ನ ಅಣ್ಣನ ಊರಲ್ಲೂ ಹೀಗೇ ಚೂರು ಒದ್ದೆಯಿತ್ತು, ಬೆಳಗಾದರೆ ಏರಿಯೇ ಇರಲಿಲ್ಲ ಎಂದಳು. ಬಂದ ಜೀವ ಮತ್ತೆ ಹೋಯಿತು. ಅಷ್ಟರಲ್ಲಿ ಮಾವ ಬಂದು ಹುಟ್ಟಿನ ತುದಿಯಿಂದ ಕೆದಕಿ, ಇದು ಏಡಿಯ ಬಿಲ, ಗೋಣಿಚೀಲ ತುರುಕಿದರೆ ಮುಗೀತು ಎಂದು ತೀರ್ಪು ಕೊಟ್ಟು ದೋಣಿ ಹತ್ತಿದರು. ಮೇಲ್ವಿಚಾರಕ ಚೀಲ ಹಿಡಿದು ಬಿಲ ಹುಡುಕಿದ. ಬಿಲವೂ ಇಲ್ಲ, ಏಡಿಯೂ ಇಲ್ಲ.

ತಲೆ ಗೊಬ್ಬರದ ಗುಂಡಿಯಂತಾಗಿದ್ದಾಗ ಹಿಂದೆಂದೋ ತರಬೇತಿಯಲ್ಲಿ ಕೇಳಿದ್ದು ನೆನಪಾಯಿತು. ಏರಿಯ ಪಕ್ಕದ ನೀರಿಗೆ ಬಣ್ಣ ಕಲಸಬೇಕು. ಕೆಳಗೆ ಅದೇ ಬಣ್ಣ ಬಂದರೆ ಸೋರಿಕೆ ನಿಜ, ಬರದಿದ್ದರೆ ಸುಳ್ಳು. ಯಾರ ಮಾತೂ ಬೇಡ, ನೀರೇ ಹೇಳಲಿ. ಉಗ್ರಾಣದಲ್ಲಿದ್ದ ಕೆಂಪು ಬಣ್ಣದ ಪುಡಿ ತಂದು ಕೊಳದಂಚಿಗೆ ಸುರಿದ. ಬಳಿಕ ಕೆಳಗಿಳಿದು, ಸೊಂಟದ ಮೇಲೆ ಕೈಯಿಟ್ಟು ಆ ಜಾಗವನ್ನೇ ದುರುಗುಟ್ಟಿಕೊಂಡು ನಿಂತ. ಏರಿಯ ಮೇಲಿದ್ದ ಮಾಲಿ ಏನಾದರೂ ತಪ್ಪಾಯಿತೇ ಎಂದು ಕೇಳಿದ. ಇವನು ಉತ್ತರಿಸಲಿಲ್ಲ. ಮಾಲಿ ಮುಖ ಸಣ್ಣದು ಮಾಡಿಕೊಂಡು ಹೋದ.

ಮಧ್ಯಾಹ್ನ ಮನೆಗೆ ಹೋಗಿ ಅರ್ಧ ಊಟಕ್ಕೇ ಎದ್ದ. ಕಾಲು ಚಾಚಿದರೂ ಕಣ್ಣು ಮುಚ್ಚಲಿಲ್ಲ. ಓಡೋಡಿ ಬಂದು ನೋಡುತ್ತಾನೆ, ಏರಿಯ ಬುಡ ಕೆಂಪಗೆ ಹರಿಯುತ್ತಿದೆ. ಮಾವ ಮನೆಯಲ್ಲಿರುವುದೋ, ಕೆಳಗಿನ ಬೀದಿಗಳು ಕೊಚ್ಚಿಹೋಗುವುದೋ? ಅತ್ತ ದರಿ, ಇತ್ತ ಪುಲಿ ಎಂಬಂತಾಗಿ ಒಂದು ಗಳಿಗೆ ಹಾಗೇ ನಿಂತ. ಆಮೇಲೆ ಹೋಗಿ ತೂಬನ್ನು ಪೂರ್ತಿ ತೆರೆದುಬಿಟ್ಟ. ಜನ ಉಳಿದರೆ ಸಾಕು, ತನ್ನ ನಿದ್ದೆ ಹೋದರೆ ಹೋಗಲಿ ಎಂದುಕೊಂಡ. ತನ್ನ ತ್ಯಾಗಕ್ಕೆ ಅವನಿಗೇ ಕಣ್ಣು ತುಂಬಿತು.

ಆ ಭಾವಾವೇಶದಲ್ಲಿ ಕೊಳದ ನಡುವೆ ದೋಣಿಯಿರುವುದು ಮರೆತೇಹೋಗಿತ್ತು. ಮಾವನೂ ವಿಹಾರಕ್ಕೆ ಬಂದ ದಂಪತಿಯೂ ಕೂತಿದ್ದ ದೋಣಿ ನೀರಿನೊಂದಿಗೇ ನಿಧಾನವಾಗಿ ಇಳಿದು, ಕೊನೆಗೆ ಕೆಸರಿನಲ್ಲಿ ಕಾಲೂರಿ ಕೂತಿತು. ಮಾವ ಎರಡು ಸಲ ಹುಟ್ಟು ಹಾಕಿ ನೋಡಿದರು.

"ಅಳಿಯಂದಿರೇ, ನೀರು ಎಲ್ಲಿ ಹೋಯ್ತು?" ಎಂದು ಅಲ್ಲಿಂದಲೇ ಕೇಳಿದರು.

ಅಧಿಕಾರಿ ಬಂದಾಗ ಮೂವರೂ ಮೊಣಕಾಲುದ್ದ ಕೆಸರಲ್ಲಿ ದಡದತ್ತ ನಡೆದು ಬರುತ್ತಿದ್ದರು. ಮೇಲ್ವಿಚಾರಕ ಸೋರಿಕೆಯ ಕತೆ ಹೇಳಿ ಕೆಂಪು ಜಾಗ ತೋರಿಸಿದ. ಅಧಿಕಾರಿ ಬಗ್ಗಿ ನೋಡಿದರು. ಕೆಂಪು ಬುಡದಲ್ಲಷ್ಟೇ ಇರಲಿಲ್ಲ, ಹುಲ್ಲಿನ ಮೇಲೂ ಇತ್ತು. ಅದರ ಜಾಡು ಹಿಡಿದು ಏರಿ ಹತ್ತಿದರೆ ಮೇಲೆ ಒಂದು ರಬ್ಬರ್ ಪೈಪು, ಪಕ್ಕದಲ್ಲಿ ಮಾಲಿ.

"ದೊಡ್ಡ ಸಾಹೇಬ್ರು ಬರ್ತಾರಲ್ಲ, ಹುಲ್ಲು ಹಸಿರಾಗಿರ್ಲಿ ಅಂತ ಬೆಳಿಗ್ಗೆನೇ ಪಂಪು ಹಾಕಿ ಕೊಳದ ನೀರು ಬಿಟ್ಟಿದ್ದೆ," ಎಂದ ಮಾಲಿ. "ಆದ್ರೂ ಇವ್ರು ಕೆಳಗೆ ನಿಂತು ಒಂದೇ ಸಮ ನೋಡ್ತಾ ಇದ್ರು. ಸಾಲ್ಲಿಲ್ವೇನೋ ಅಂತ ಮಧ್ಯಾಹ್ನ ಇನ್ನೂ ಜಾಸ್ತಿ ಬಿಟ್ಟೆ."

ಮೇಲ್ವಿಚಾರಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಏರಿ ಗಟ್ಟಿಯಾಗಿದೆ, ತೂಬು ಮುಚ್ಚಿದರೆ ಮೇಲಿಂದ ಹರಿದುಬರುವ ಹಳ್ಳದ ನೀರು ಸೇರಿ ಕೊಳ ತುಂಬುತ್ತದೆ ಎಂದು ಹೊಳೆದು ಮುಖ ಅರಳಿತು. ತೂಬಿನ ಕಡೆ ಓಡಹೊರಟವನನ್ನು ಅಧಿಕಾರಿ ತಡೆದರು.

"ಮುಚ್ಚಬೇಡಿ. ಇಷ್ಟು ವರ್ಷದಲ್ಲಿ ಇಷ್ಟು ಸುರಕ್ಷಿತವಾದ ಅಣೆಕಟ್ಟು ನಾನು ನೋಡೇ ಇಲ್ಲ. ನೀರೇ ಇಲ್ಲ ಅಂದ್ಮೇಲೆ ಒಡೆಯೋದು ಹೇಗೆ? ಇನ್ಮೇಲೆ ಹೀಗೇ ಇಟ್ಕೊಳ್ಳಿ."

ಅಷ್ಟರಲ್ಲಿ ಕೆಸರು ಮೆತ್ತಿದ ಮಾವ ಮುಂದೆ ಬಂದು, ಹಾಗಾದರೆ ತನ್ನ ಹೊಟ್ಟೆಪಾಡು ಏನು ಎಂದು ವಿನಯದಿಂದ ಕೇಳಿದರು. ಅಧಿಕಾರಿಗೆ ಕರುಣೆ ಬಂತು. ಖಾಲಿ ಕೊಳದ ಕೆಸರಿಗೆ ಯಾರೂ ಇಳಿಯದಂತೆ ಕಾಯಲು ಒಬ್ಬರು ಬೇಕೇ ಬೇಕು, ನಾಳೆ ಯಾಕೆ, ಈಗಿನಿಂದಲೇ ಇರಿ ಎಂದರು. ಕೂರುವುದು ಎಲ್ಲಿ ಎಂದು ಮಾವ ಕೇಳಿದ್ದಕ್ಕೆ, ಮೇಲ್ವಿಚಾರಕರ ಕೋಣೆ ಅಷ್ಟು ವಿಶಾಲವಾಗಿದೆಯಲ್ಲ ಎಂದು ಹೇಳಿ ಜೀಪು ಹತ್ತಿದರು.

ಮೇಲ್ವಿಚಾರಕ ಕಾಲೆಳೆದುಕೊಂಡು ಬಂದು ತನ್ನ ಮೇಜಿನ ಮುಂದೆ ಕುಸಿದ. ಮಾವ ಕಾಲು ತೊಳೆದುಕೊಂಡು ಬಂದು, ಗೋಡೆಬದಿಯ ಕುರ್ಚಿಯನ್ನು ಎಳೆದು ಅವನಿಗೆ ಒತ್ತಿಕೊಂಡಂತೆ ಹಾಕಿ ಕೂತರು. ಅಳಿಯ ದಿನದ ವರದಿ ಬರೆಯತೊಡಗಿದ್ದನ್ನು ಬಗ್ಗಿ ನೋಡಿದರು.

"ಅಳಿಯಂದಿರೇ," ಎಂದರು ಅಕ್ಕರೆಯಿಂದ, "ಪೆನ್ನು ಹಿಡಿಯೋದು ಹಾಗಲ್ಲ."